ಹಿತ್ತಲಿನ ಸಂಸಾರ

ಈ ಸಲದ ಬೇಸಗೆಯಲ್ಲಿ ಕಾರ್ಯಾಂತರದಿಂದ ಚಳ್ಳಕೆರೆಯ ಕಡೆಗೆ ಹೋಗಿದ್ದ ನಾವು, ಹಳೆಯ ಸ್ನೇಹಿತರೊಬ್ಬರ ಬಲವಂತಕ್ಕೆ ಕಟ್ಟುಬಿದ್ದು, ಅವರ ಹುಟ್ಟೂರಾದ ಪರಶುರಾಂಪುರದಲ್ಲಿ ನಾಲ್ಕು ದಿನ ನಿಲ್ಲಬೇಕಾಯಿತು. ಸ್ನೇಹಿತರು ಸರಕಾರಿ ನೌಕರಿಯಿಂದ ನಿವೃತ್ತರಾಗಿ ದಾವಣಗೆರೆಯಲ್ಲಿ ನೆಲಸಿದವರು. ಊರಿನ ಮನೆಯಲ್ಲಿರುವವರು ಎಂಬತ್ತನ್ನು ದಾಟಿದ ಅವರ ತಾಯಿ, ಕಿರಿಯ ತಮ್ಮ ಮತ್ತು ಆತನ ಹೆಂಡತಿ. ಬೆಂಗಳೂರಿನಲ್ಲಿ ಇಂಜಿನಿಯರನಾಗಿರುವ ಮೊಮ್ಮಗನೂ ಅವನ ಇಬ್ಬರು ಮಕ್ಕಳೂ ರಜೆಗೆಂದು ಬಂದಿದ್ದರು. ನಮ್ಮನ್ನು ಕರೆದೊಯ್ದುದಕ್ಕೆ ಆತಿಥ್ಯವೊಂದೇ ಕಾರಣವಲ್ಲವೆಂಬುದು ಹೋದ ಮೇಲೆ ತಿಳಿಯಿತು. ಆ ಹಳೆಯ ಮಾಳಿಗೆಯ ಮನೆಯನ್ನು ಕೆಡವಿ ಸಿಮೆಂಟಿನ ಮನೆಯನ್ನು ಕಟ್ಟಿಸಬೇಕೆಂದು ಮಕ್ಕಳು ನಿಶ್ಚಯಿಸಿದ್ದರು, ನಕ್ಷೆಯೂ ಸಿದ್ಧವಾಗಿತ್ತು, ಅಜ್ಜಿಯವರೊಬ್ಬರು ಮಾತ್ರ ಹೂಂ ಎಂದಿರಲಿಲ್ಲ. ‘ನೀವು ಹೊರಗಿನವರು, ನಾಲ್ಕು ಮಾತು ಬಲ್ಲವರು, ನಮ್ಮ ತಾಯಿಗೆ ಸ್ವಲ್ಪ ತಿಳಿಯಹೇಳಿ’ ಎಂಬುದು ಸ್ನೇಹಿತರ ಕೋರಿಕೆಯಾಗಿತ್ತು. ಹೇಳಹೋದ ನಾವು ಕೇಳಿಬಂದೆವು. ಕೇಳಿದುದನ್ನು ವಾಚಕರ ಮುಂದಿಡುವುದಷ್ಟೇ ಈಗ ನಮ್ಮ ಕೆಲಸ.

ಪರಶುರಾಂಪುರವನ್ನು ಕಾಣದವರಿಗಾಗಿ ಒಂದೆರಡು ಮಾತು. ಇದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿಯ ಊರು. ಆಂಧ್ರದ ಗಡಿ ಸಮೀಪದಲ್ಲಿಯೇ ಇರುವುದರಿಂದ ಪೇಟೆಯಲ್ಲಿ ಕನ್ನಡದ ಜೊತೆಗೆ ತೆಲುಗೂ ಧಾರಾಳವಾಗಿ ಕಿವಿಗೆ ಬೀಳುವುದು. ಕರ್ಣಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಸೀಮೆಗಳಲ್ಲಿ ಈ ತಾಲ್ಲೂಕೂ ಒಂದು. ವರ್ಷಕ್ಕೆ ೫೦೦ ಮಿಲಿಮೀಟರು, ಎಂದರೆ ಹಳಬರ ಲೆಕ್ಕದಲ್ಲಿ ಇಪ್ಪತ್ತಂಗುಲ, ಬಿದ್ದಿತೆಂದರೆ ರೈತನು ಸುಭಿಕ್ಷವೆನ್ನುವನು. ಹೊಲಗಳಲ್ಲಿ ಶೇಂಗಾ, ಮನೆಯಲ್ಲಿ ಶೇಂಗಾ, ಚಳ್ಳಕೆರೆಯ ಗಾಣಗಳಲ್ಲಿ ಶೇಂಗಾ. ವೇದಾವತಿಯು ಈ ಸೀಮೆಯಲ್ಲಿ ಹರಿದು ಆಂಧ್ರವನ್ನು ಸೇರುವುದಾದರೂ ಹರಿಯುವುದೆಂಬ ಮಾತು ಬಹುಪಾಲು ವರ್ಷಗಳಲ್ಲಿ ಉಪಚಾರಕ್ಕೆ ಮಾತ್ರ. ಮೇಲೆ ಹಿರಿಯೂರಿನ ಹತ್ತಿರ ಮಾರಿಕಣಿವೆಯ ಕಟ್ಟೆಯು ೧೯೦೭ರಲ್ಲಿ ಮುಗಿದ ಮೇಲೆ, ಆ ವಾಣೀವಿಲಾಸ ಸಾಗರವು ೧೯೩೩ರಲ್ಲೊಮ್ಮೆ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ. ಅಜ್ಜಿಯವರು ಹುಟ್ಟಿದುದು ಇವೆರಡರ ನಡುವೆ. ‘ಹೊಳೆ ಅಂದ್ರೆ ಉಸುಕು ಅಂತ್ಲೇ ತಿಳ್ಕಂಡಿದ್ದೆ ಕಣಪ್ಪಾ. ಆ ವರ್ಷ ನೀರು ಬಂತು ಅಂತ ಹುಡುಗ್ರು ಕರ್ಕಂಡೋದ್ರು. ನೋಡಿದೆ. ಭಯ ಆತು, ವಾಪಸು ಕರ್ಕಂಡ್ ನಡೀರಿ ಅಂದೆ’ ಎಂದು ನಕ್ಕರು.

ಇಂತಹ ಸೀಮೆಯಲ್ಲಿ ಬೇಸಗೆಯ ಹಸುರನ್ನು ಕಾಣಬೇಕಾದರೆ ತೋಟಗಳನ್ನು ಹುಡುಕಬೇಕಾದುದಿಲ್ಲ. ಮನೆಗಳ ಬಚ್ಚಲುಗಳ ಹಿಂದೆ ಹೋಗಿ ನೋಡಿದರೆ ಸಾಕು. ನಾವು ಕಂಡ ಹಿತ್ತಲು ಐದು ಗುಂಟೆಯೂ ಇರಲಾರದು. ಬಚ್ಚಲಿನ ಕಲ್ಲುಗಾಲುವೆಯಿಂದ ಹೊರಟ ನೀರು ಮೊದಲು ಬಾಳೆಯ ಬುಡಕ್ಕೆ, ಅಲ್ಲಿಂದ ಕೆಸುವಿನ ಮಡಿಗೆ, ಆಮೇಲೆ ಬದನೆಯ ಸಾಲಿಗೆ, ದಾಳಿಂಬೆಯ ಪಾತಿಗೆ ಹರಿದು, ಉಳಿದಷ್ಟು ಬೇವಿನ ಮರದ ಕೆಳಗೆ ಇಂಗುವುದು. ಒಂದು ನುಗ್ಗೆ, ಒಂದು ಕರಿಬೇವು, ಗೋಡೆಗೆ ಹಬ್ಬಿದ ಬಸಳೆ, ಮೂಲೆಯಲ್ಲಿ ಸೌದೆಯ ಒಟ್ಟು. ಪಾತ್ರೆ ತಿಕ್ಕುವ ಕಲ್ಲಿನ ಪಕ್ಕದಲ್ಲಿ ದನಗಳಿಗೆ ಕಲಗಚ್ಚು ಹಾಕುತ್ತಿದ್ದ ಹಳೆಯ ಕಲ್ಲುಬಾನಿ. ದನಗಳನ್ನು ಮಾರಿ ಇಪ್ಪತ್ತು ವರ್ಷಗಳಾದುವಂತೆ. ಬಾನಿಗೆ ಮಾತ್ರ ಈಗಲೂ ಬೆಳಗಾದೊಡನೆ ಎರಡು ಕೊಡ ನೀರು ಬೀಳುತ್ತಿದೆ. ಯಾರಿಗೆಂದು ಕೇಳಿದೆವು. ‘ಬರೋರಿಗೆ’ ಎಂದರು.

ಬರುವವರು ಯಾರೆಂಬುದನ್ನು ನಾಲ್ಕು ದಿನಗಳೂ ಹಿತ್ತಲ ಬಾಗಿಲಿನ ಹೊಸ್ತಿಲ ಬಳಿ ಕುಳಿತು ನೋಡಿದೆವು. ಇನ್ನೂ ಮಬ್ಬಿರುವಾಗಲೇ ಮೊದಲು ಬರುವುವು ಹರಟೆಮಲ್ಲಗಳು. ಬೂದು ಬಣ್ಣದ, ಕೆದರಿದ ಗರಿಗಳ, ನೋಟಕ್ಕೆ ಏನೂ ಅಲ್ಲದ ಈ ಹಕ್ಕಿಗಳು ಒಂದಾಗಿ ಎಂದೂ ಬಾರವು. ಏಳೋ ಎಂಟೋ ಸೇರಿಕೊಂಡು, ತರಗೆಲೆಗಳನ್ನು ಒಂದೊಂದಾಗಿ ಮಗುಚುತ್ತ, ನಿಲ್ಲದ ಗದ್ದಲವನ್ನು ಮಾಡುವುವು. ‘ಇವು ಪಾಲಾಗದ ಮನೆಯವು’ ಎಂದು ಅಜ್ಜಿಯವರು ನಮಗೆ ಪರಿಚಯ ಮಾಡಿಕೊಟ್ಟರು. ಒಂದರ ಮರಿಗೆ ಚಿಕ್ಕಮ್ಮ, ದೊಡ್ಡಮ್ಮ, ಸೋದರಮಾವ, ಎಲ್ಲರೂ ಹುಳು ತಂದು ತಿನ್ನಿಸುವರಂತೆ. ಪಕ್ಷಿಶಾಸ್ತ್ರದ ಪಂಡಿತರೂ ಈ ಜಾತಿಯ ಹಕ್ಕಿಗಳ ವಿಷಯದಲ್ಲಿ ಇದನ್ನೇ ಹೇಳುತ್ತಾರೆ: ತಂದೆತಾಯಿಗಳಲ್ಲದ ಹಕ್ಕಿಗಳೂ ಮರಿಗಳ ಪೋಷಣೆಗೆ ನೆರವಾಗುತ್ತವೆ. ಪಂಡಿತರು ದೂರದರ್ಶಕಗಳನ್ನು ಹಿಡಿದು ಕಂಡುದನ್ನು ಅಜ್ಜಿಯವರು ಪಾತ್ರೆ ತೊಳೆಯುತ್ತ ಕಂಡಿದ್ದಾರೆ. ಅಷ್ಟೇ ಅಲ್ಲ. ಒಂದು ಮಳೆಗಾಲದಲ್ಲಿ ಈ ಗುಂಪಿನವರೆಲ್ಲರೂ ಸೇರಿ ತಮಗಿಂತ ಬೇರೆಯ ಅಂದದ, ತಲೆಯ ಮೇಲೆ ಜುಟ್ಟಿನ, ಉದ್ದ ಬಾಲದ ಮರಿಯೊಂದಕ್ಕೆ ಉಣಿಸುತ್ತಿದ್ದುದನ್ನು ನೋಡಿ ಅವರಿಗೆ ಆಶ್ಚರ್ಯವಾಗಿತ್ತಂತೆ. ‘ಯಾರ ಮಗೀನೋ ತಂದು ಸಾಕ್ಯಾವೆ, ಅವಕ್ಕೆ ಗೊತ್ತೇ ಇಲ್ಲ’ ಎಂದರು. ಅದು ಚಾತಕವಾಗಿರಬೇಕೆಂದು ನಾವು ಊಹಿಸಿದೆವು. ಕವಿಗಳು ಮಳೆಹನಿಗಾಗಿ ಬಾಯ್ದೆರೆದಿರುವುದೆಂದು ಕೊಂಡಾಡುವ ಚಾತಕವು ತನ್ನ ಮೊಟ್ಟೆಯನ್ನು ಹರಟೆಮಲ್ಲನ ಗೂಡಿನಲ್ಲಿಟ್ಟು ಹೊರಟುಹೋಗುವ ಹಕ್ಕಿಯೆಂಬುದು ಕಾವ್ಯಗಳಲ್ಲಿ ಬರುವುದಿಲ್ಲ.

ಹರಟೆಮಲ್ಲಗಳು ಹೋದ ಮೇಲೆ ಗೊರವಂಕಗಳು, ಬೆಳವಗಳು, ಅಪರೂಪಕ್ಕೊಮ್ಮೆ ಕೆಂಬೂತ. ಈ ಕೆಂಗಣ್ಣಿನ ಹಕ್ಕಿಗೆ ಬಯಲುಸೀಮೆಯಲ್ಲಿ ರತ್ನಪಕ್ಷಿಯೆಂಬ ದೊಡ್ಡ ಹೆಸರುಂಟು. ಕಂಡವರಿಗೆ ಶುಭವಾಗುವುದೆಂಬ ನಂಬಿಕೆಯೂ ಉಂಟು. ಹಿಂದೆ ಶಾಲೆಯ ಪರೀಕ್ಷೆಯ ದಿನಗಳಲ್ಲಿ ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೆಂಬೂತ ಕಾಣುವವರೆಗೂ ನಿಲ್ಲಿಸಿ, ಆಮೇಲೆ ಕಳುಹಿಸುತ್ತಿದ್ದರಂತೆ. ನಮ್ಮ ಸ್ನೇಹಿತರು ಲೆಕ್ಕದ ಪರೀಕ್ಷೆಗೆ ತಡವಾಗಿ ಹೋದುದಕ್ಕೆ ಇದೇ ಕಾರಣವೆಂದು ಅವರು ಈಗಲೂ ದೂರುತ್ತಾರೆ. ಶುಭವಂತೂ ಆಯಿತು, ಪಾಸಾದರು.

ಬಿಸಿಲೇರಿದ ಮೇಲೆ ಹಿತ್ತಲು ಅಳಿಲುಗಳದು. ಶೇಂಗಾ ಸುಲಿಯುವ ಕಾಲದಲ್ಲಿ ಅಜ್ಜಿಯವರೂ ಸೊಸೆಯೂ ನೆರೆಯ ಇಬ್ಬರು ಹೆಂಗಸರೂ ಬೇವಿನ ನೆರಳಿನಲ್ಲಿ ಮೊರ ಹಾಕಿಕೊಂಡು ಕುಳಿತರೆ, ಅಳಿಲು ಮರದಿಂದಿಳಿದು, ಎರಡಡಿ ದೂರದಲ್ಲಿ ಕುಳಿತು, ಹೆಂಗಸರು ಮಾತಿನಲ್ಲಿ ಮರೆಯುವುದನ್ನೇ ಕಾದಿರುವುದು. ಅದಕ್ಕೆಂದು ಒಂದು ಹಿಡಿಯನ್ನು ಬೇರೆಯಾಗಿ ಇಟ್ಟರೆ ಅದನ್ನು ಮುಟ್ಟದು, ಮೊರದಲ್ಲಿರುವುದೇ ಬೇಕು. ‘ಕದ್ರೇ ರುಚಿ ಅದಕ್ಕೆ’ ಎಂಬುದು ಅಜ್ಜಿಯವರ ಅಭಿಪ್ರಾಯ. ರಾಮದೇವರು ಬೆನ್ನು ಸವರಿ ಮೂರು ಗೆರೆಗಳನ್ನು ಕೊಟ್ಟ ಕಥೆಯನ್ನು ಮೊಮ್ಮಗನ ಮಕ್ಕಳಿಗೆ ಹೇಳುತ್ತಿದ್ದರು. ಉತ್ತರಭಾರತದ ಅಳಿಲಿಗೆ ಐದು ಗೆರೆಗಳಿರುವುವೆಂದು ನಾವು ನಡುವೆ ಬಾಯಿಹಾಕಿದೆವು. ಪಾಂಡಿತ್ಯದ ಚಪಲ! ಅಜ್ಜಿಯವರು ಒಂದು ಕ್ಷಣವೂ ತಡೆಯಲಿಲ್ಲ. ‘ಅದು ಅವನ ಊರ ಕಡೆ ಅಲ್ವೇನಪ್ಪಾ? ಅಲ್ಲಿ ಐದು ಬೆಳ್ಳಾಗೂ ಸವರ್ಯಾನೆ’ ಎಂದರು.

ಬದನೆಯ ಗಿಡದಲ್ಲಿ ಸಿಂಪಿಗವೊಂದು ಎರಡೆಲೆಗಳನ್ನು ಹೊಲಿದು ಗೂಡು ಮಾಡಿತ್ತು. ಅಜ್ಜಿಯವರು ಅದಕ್ಕೆ ದರ್ಜಿಗುಬ್ಬಿ ಎನ್ನುತ್ತಾರೆ. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ಜೇಡರಬಲೆಯ ಎಳೆಯನ್ನೋ ಹತ್ತಿಯ ನೂಲನ್ನೋ ಪೋಣಿಸಿ, ಬಿಟ್ಟುಹೋಗದಂತೆ ತುದಿಯನ್ನು ಗಂಟಿನಂತೆ ಕೆದರುವ ಆ ಕೆಲಸವನ್ನು ನಾವು ಮೊದಲ ಬಾರಿಗೆ ಹತ್ತಿರದಿಂದ ಕಂಡೆವು. ಇದರಿಂದ ಅತ್ತೆಸೊಸೆಯರಲ್ಲಿ ಸಣ್ಣದೊಂದು ವ್ಯಾಜ್ಯವೂ ನಡೆದಿತ್ತು. ಗೂಡಿರುವ ಗಿಡದ ಕಾಯನ್ನು ಮರಿಗಳು ಹಾರುವವರೆಗೆ ಕೀಳಬಾರದೆಂದು ಅತ್ತೆಯ ಅಪ್ಪಣೆ. ಕಾವಿಗೆ ಹನ್ನೆರಡು ದಿನ, ಮರಿ ಬೆಳೆಯಲು ಮತ್ತೆ ಹದಿನೈದು ದಿನ. ಅಷ್ಟರಲ್ಲಿ ಕಾಯಿ ಬಲಿತು ಹಣ್ಣಾಗಿ ಉಪಯೋಗಕ್ಕೆ ಬಾರದೆ ಹೋಗುವುದೆಂದು ಸೊಸೆಯ ವಾದ. ವಾದದಲ್ಲಿ ಸೊಸೆಯೇ ಗೆದ್ದರೂ ಕಾಯಿಯನ್ನು ಕಿತ್ತಿರಲಿಲ್ಲ. ಪೇಟೆಯಿಂದ ಬದನೆಕಾಯಿ ತರಿಸಿ ಎಣಗಾಯಿ ಮಾಡಿ ನಮಗೆ ಬಡಿಸಿದರು. ಅದರ ರುಚಿಯನ್ನು ವರ್ಣಿಸಲು ಇದು ಸ್ಥಳವಲ್ಲ.

ಮರಿಮೊಮ್ಮಗಳು ಒಂಬತ್ತು ವರ್ಷದ ಹುಡುಗಿ. ಹಕ್ಕಿಯ ಕೂಗನ್ನು ಕೇಳಿಸಿಕೊಂಡು ಅದರ ಹೆಸರನ್ನು ಹೇಳುವ ಸೌಕರ್ಯವು ಅವಳ ತಂದೆಯ ಫೋನಿನಲ್ಲಿತ್ತು. ಅದನ್ನು ಹಿಡಿದುಕೊಂಡು ಹಿತ್ತಲಲ್ಲೆಲ್ಲ ಓಡಾಡಿ, ಇಂಗ್ಲಿಷಿನ ಹೆಸರುಗಳನ್ನು ಓದಿ ಹೇಳುವಳು. ಅಜ್ಜಿಯವರು ಪ್ರತಿಯೊಂದಕ್ಕೂ ತಮ್ಮ ಹೆಸರನ್ನು ಹೇಳುವರು. ಹುಡುಗಿ ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವಳು. ಮೊದಲ ದಿನ ಸ್ವಲ್ಪ ಪೈಪೋಟಿಯೇ ನಡೆಯಿತು. ‘ನಿನ್ನ ಫೋನಿಗೆ ಹೆಸರು ಗೊತ್ತೈತೆ. ಗೂಡು ಎಲ್ಲೈತೆ ಅಂತ ಕೇಳವ್ವಾ’ ಎಂದು ಅಜ್ಜಿಯವರು ಕೇಳಲು ಹುಡುಗಿ ನಿರುತ್ತರಳಾದಳು. ಆಮೇಲೆ ಇಬ್ಬರೂ ಒಂದಾಗಿ ಹುಡುಕಿದರು. ನಾವು ಹೊರಡುವ ವೇಳೆಗೆ ಪುಸ್ತಕದಲ್ಲಿ ಇಪ್ಪತ್ತಮೂರು ಹೆಸರುಗಳಿದ್ದುವು, ಅಳಿಲು, ಓತಿಕೇತ, ಮುಂಗುಸಿಗಳು ಬೇರೆ. ಸಾಯಂಕಾಲ ಬಳ್ಳಾರಿಯಲ್ಲಿರುವ ಮಗಳು ಫೋನು ಮಾಡಿದರೆ, ಕ್ಷೇಮಸಮಾಚಾರವಾದ ಮೇಲೆ ಅಜ್ಜಿಯವರು ಫೋನನ್ನು ಬೇವಿನ ಮರದ ಕಡೆಗೆ ಹಿಡಿಯುವರು. ಅತ್ತ ಬಳ್ಳಾರಿಯ ಮೂರನೆಯ ಅಂತಸ್ತಿನ ಮನೆಯಲ್ಲಿ ಮಗಳು ತವರಿನ ಕೋಗಿಲೆಯನ್ನು ಕೇಳುವರಂತೆ. ಇದು ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ.

ನಮ್ಮ ಹೆಣ್ಣುಮಕ್ಕಳ ಇಂತಹ ಸಂತೋಷಗಳು ಕಾಗದದ ಮೇಲೆ ಬರುವುದೇ ಅಪರೂಪ. ಇದೇ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯಲ್ಲಿ ಹುಟ್ಟಿದ ಜಾನಕಮ್ಮನವರು ಸಂಸಾರದ ನಡುವೆಯೇ ಕವಿತೆಗಳನ್ನು ಬರೆದು, ೧೯೪೮ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಬರೆಯದೆ ಹೋದವರ ಲೆಕ್ಕವನ್ನು ಇಟ್ಟವರು ಯಾರು?

ಕತ್ತಲಾದ ಮೇಲೆ ಹಿತ್ತಲಿನ ದೀಪದ ಕೆಳಗೆ ಕಪ್ಪೆಗಳೆರಡು ಹುಳುಗಳಿಗಾಗಿ ಬಂದು ಕುಳಿತುಕೊಳ್ಳುವುವು. ಬೇವಿನ ಪೊಟರೆಯಿಂದ ಹಾಲಕ್ಕಿ ತಲೆಯನ್ನು ಹೊರಗೆ ಹಾಕಿ ನಮ್ಮನ್ನೇ ದುರುಗುಟ್ಟಿ ನೋಡುವುದು. ಹಾಲಕ್ಕಿಯ ನುಡಿಯಲ್ಲಿ ಶಕುನ ನೋಡುವವರು ನಮ್ಮ ನಾಡಿನಲ್ಲಿ ಬಹಳ. ಅಜ್ಜಿಯವರು ನೋಡುವುದು ಶೇಂಗಾದ ಮೂಟೆಗಳನ್ನು. ಹಾಲಕ್ಕಿ ಇರುವ ವರ್ಷ ಇಲಿ ಕಡಮೆಯೆಂಬುದು ಅವರ ಅನುಭವ. ಆ ಹೊತ್ತಿಗೆ ಮನೆಯವರೆಲ್ಲರೂ ಊಟ ಮುಗಿಸಿ ಹೊರಗೆ ಬಂದಿರುತ್ತಿದ್ದರು. ಮಾತು ನಕ್ಷೆಯ ಕಡೆಗೆ ತಿರುಗುತ್ತಿದ್ದುದೂ ಆಗಲೇ.

ಮೊಮ್ಮಗನ ಪಕ್ಷವು ದುರ್ಬಲವಾದುದೆಂದು ವಾಚಕರು ಭಾವಿಸಬಾರದು. ಮಾಳಿಗೆಯ ಮನೆಯಲ್ಲಿ ವಾಸಿಸದವರಿಗೆ ಅದರ ತಂಪು ಮಾತ್ರ ಗೊತ್ತು. ಪ್ರತಿವರ್ಷವೂ ಮುಂಗಾರಿಗೆ ಮೊದಲು ಕರಲುಮಣ್ಣನ್ನು ತಂದು ಮೇಲೆ ಹಾಕಿಸಬೇಕು. ತರುವ ಆಳುಗಳು ಈಗ ಸಿಕ್ಕುವುದಿಲ್ಲ. ಒಂದು ವರ್ಷ ತಪ್ಪಿದರೆ ಜಂತೆಗಳ ಸಂದಿನಿಂದ ನೀರು ಹಾಸಿಗೆಯ ಮೇಲೆಯೇ ಸೋರುವುದು. ಎರಡು ವರ್ಷಗಳ ಹಿಂದೆ ಸೌದೆಯ ಒಟ್ಟಿನಿಂದ ಬಂದ ಚೇಳು ಸೊಸೆಯ ಕಾಲಿಗೆ ಕುಟುಕಿ ಆಕೆ ಒಂದು ರಾತ್ರಿಯೆಲ್ಲ ಸಂಕಟಪಟ್ಟಳು. ಬಚ್ಚಲಲ್ಲಿ ನಾಗರಹಾವು ಕಂಡುದೂ ಉಂಟು. ವಯಸ್ಸಾದ ಅಜ್ಜಿ ರಾತ್ರಿ ಹಿತ್ತಲು ದಾಟಿ ಕಕ್ಕಸಿಗೆ ಹೋಗಬೇಕಾಗಿರುವುದು ಸರಿಯೇ ಎಂದು ಮೊಮ್ಮಗ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅವನ ನಕ್ಷೆಯಲ್ಲಿ ಒಳಗೇ ಕಕ್ಕಸು, ಒಳಗೇ ಬಚ್ಚಲು, ಬಚ್ಚಲ ನೀರು ನೆಲದೊಳಗಿನ ಕೊಳವೆಯಲ್ಲಿ ಬೀದಿಯ ಚರಂಡಿಗೆ, ಹಿತ್ತಲಿಗೆಲ್ಲ ಸಿಮೆಂಟಿನ ನೆಲ, ಬೇವಿನ ಮರವಿರುವಲ್ಲಿ ಕಾರು ನಿಲ್ಲಿಸುವ ಚಪ್ಪರ. ಅಜ್ಜಿಯ ಮೇಲಿನ ಪ್ರೀತಿಯಿಂದಲೇ ಅವನು ಇದನ್ನು ಬರೆಸಿದ್ದನೆಂಬುದರಲ್ಲಿ ಸಂಶಯವಿಲ್ಲ.

ಅಜ್ಜಿಯವರು ಮೂರು ರಾತ್ರಿಗಳೂ ಸುಮ್ಮನೆ ಕೇಳಿದರು. ನಾಲ್ಕನೆಯ ರಾತ್ರಿ, ಯಾರೂ ಕೇಳದಿರುವಾಗ, ತಾವೇ ಮಾತನ್ನೆತ್ತಿದರು. ‘ಮನೆ ಕಟ್ಟಿಸ್ರಪ್ಪಾ, ನಾನೇನು ಬ್ಯಾಡ ಅಂದಿಲ್ಲ. ಸೋರೋ ಮನ್ಯಾಗೆ ನನಗೇನು ಸುಖ? ಆದ್ರೆ ನೀವೆಲ್ಲ ಭಾನುವಾರ ಹೋಗ್ತೀರಾ. ಇವನು ಹೊಲಕ್ಕೆ ಹೋಗ್ತಾನೆ, ಇವಳು ಅಂಗನವಾಡಿಗೆ ಹೋಗ್ತಾಳೆ. ಮುಂಜಾನೆಯಿಂದ ಸಂಜೆಗಂಟ ಈ ಮನ್ಯಾಗಿರೋಳು ನಾನೊಬ್ಬಳು. ನನ್ನ ಕೂಡೆ ಮಾತಾಡೋರ್ನ ಕಡಿದುಹಾಕಿ ಹೋಗಬ್ಯಾಡ್ರಿ.’

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಮೊಮ್ಮಗ ನಕ್ಷೆಯನ್ನು ಮಡಿಸಿ ಒಳಗಿಟ್ಟ.

ಇಲ್ಲಿ ನಾವು ಸ್ವಲ್ಪ ನಿಂತು, ಅಧಿಕಾರಿವರ್ಗದ ವಾಚಕರೊಡನೆ ಒಂದೆರಡು ಮಾತನ್ನು ಆಡಬೇಕಾಗಿದೆ. ಈ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಗಳನ್ನು ೨೦೧೦ರ ಸುಮಾರಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಬಿಟ್ಟುಕೊಟ್ಟಾಗ, ಆ ಹುಲ್ಲುಗಾವಲಿನ ದನಕುರಿಗಳ ಮೇವಿನ ವಿಷಯವಾಗಿಯೂ ಕೃಷ್ಣಮೃಗಗಳ ವಿಷಯವಾಗಿಯೂ ಹಸುರು ನ್ಯಾಯಾಧಿಕರಣದವರೆಗೆ ವ್ಯಾಜ್ಯ ಹೋಯಿತು. ಅದು ತಕ್ಕುದೇ. ಆದರೆ ಐದು ಗುಂಟೆಯ ಹಿತ್ತಲು ಸಿಮೆಂಟಾಗುವಾಗ ಯಾವ ನ್ಯಾಯಾಲಯದಲ್ಲಿಯೂ ಅರ್ಜಿ ಬೀಳುವುದಿಲ್ಲ. ನೂರು ಮನೆಗಳ ಹಿತ್ತಲುಗಳು ಸೇರಿದರೆ ಸಣ್ಣದೊಂದು ಕಾವಲೇ ಆಗುವುದೆಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಬಚ್ಚಲ ನೀರಿನ ಮಾತಂತೂ ವಿಚಾರಾರ್ಹವಾದುದು. ನೀರು ನಿಂತರೆ ಸೊಳ್ಳೆಯೆಂಬುದು ನಿಜ. ಅದಕ್ಕೋಸ್ಕರ ಉದ್ಯೋಗ ಖಾತರಿಯ ಹಣದಿಂದ ಹಳ್ಳಿಗಳಲ್ಲಿ ಮನೆಮನೆಗೆ ಬಚ್ಚಲುಗುಂಡಿಗಳನ್ನು ತೋಡಿಸಿದುದೂ ಒಳ್ಳೆಯ ಕೆಲಸವೇ. ಆದರೆ ಇಪ್ಪತ್ತಂಗುಲ ಮಳೆಯ ಸೀಮೆಯಲ್ಲಿ ದಿನಕ್ಕೆ ನಾಲ್ಕಾರು ಕೊಡ ನೀರನ್ನು ಗುಂಡಿಗೋ ಚರಂಡಿಗೋ ಬಿಡುವ ಮೊದಲು ಅದನ್ನು ಒಂದು ಬಾಳೆ, ಒಂದು ನುಗ್ಗೆಯ ಬುಡದಲ್ಲಿ ಹಾಯಿಸಿದರೆ ನಿಲ್ಲುವ ನೀರೂ ಇರದು, ಕಳೆಯುವ ನೀರೂ ಇರದು. ಈ ಹಿತ್ತಲಿನಲ್ಲಿ ನಾವು ನಿಂತ ನೀರನ್ನು ಕಾಣಲಿಲ್ಲ, ಹಸಿಮಣ್ಣನ್ನು ಕಂಡೆವು. ಆ ಹಸಿಮಣ್ಣಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಹಳದಿಯ ಚಿಟ್ಟೆಗಳು ಗುಂಪಾಗಿ ಬಂದು ಕೂರುತ್ತಿದ್ದುವು. ಹೂವಿನಲ್ಲಿಲ್ಲದ ಉಪ್ಪಿನ ಅಂಶವನ್ನು ಅವು ಮಣ್ಣಿನಿಂದ ಹೀರುವುವೆಂದು ಬಲ್ಲವರು ಹೇಳುತ್ತಾರೆ. ಅಜ್ಜಿಯವರು ‘ಸಂತೆ ಕೂಡೈತೆ’ ಎನ್ನುತ್ತಿದ್ದರು.

ಗುಬ್ಬಚ್ಚಿಯ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಏಕೆಂದರೆ ಅದು ಹಿತ್ತಲಿನದಲ್ಲ, ಮನೆಯೊಳಗಿನದು. ಅಡುಗೆಮನೆಯ ಮೇಲಿನ ಜಂತೆಗಳ ಸಂದಿಯಲ್ಲಿ ಏಳು ಗೂಡುಗಳಿದ್ದುವು. ಬೆಳಕಿಂಡಿಯಿಂದ ಒಳಗೆ ಬರುವುದು, ಹೊರಗೆ ಹೋಗುವುದು, ದಿನವೆಲ್ಲ ಇದೇ. ನವಣೆ ಕೇರುವಾಗ ಮೊರದಿಂದ ಹಾರಿದ ನುಚ್ಚು ಅವುಗಳದು. ಹುಲ್ಲುಕಡ್ಡಿ ಸಾರಿನೊಳಗೆ ಬೀಳುವುದೆಂದು ಸೊಸೆ ಪಾತ್ರೆಗಳಿಗೆಲ್ಲ ತಟ್ಟೆ ಮುಚ್ಚಿಟ್ಟಿರುತ್ತಾಳೆ. ಗುಬ್ಬಚ್ಚಿಗಳು ನಮ್ಮ ದೇಶದಿಂದಲೇ ಮಾಯವಾಗುತ್ತಿವೆಯೆಂದು ಪ್ರತಿವರ್ಷದ ಮಾರ್ಚಿ ೨೦ರ ಗುಬ್ಬಚ್ಚಿಯ ದಿನದಂದು ಪಟ್ಟಣಗಳಲ್ಲಿ ಪ್ರಲಾಪ ಕೇಳಿಬರುವುದು. ಹದಿನೈದು ಸಾವಿರಕ್ಕೂ ಮಿಕ್ಕ ಪಕ್ಷಿವೀಕ್ಷಕರು ಕೊಟ್ಟ ಒಂದು ಕೋಟಿಗೂ ಹೆಚ್ಚು ದಾಖಲೆಗಳಿಂದ ೨೦೨೦ರಲ್ಲಿ ಸಿದ್ಧವಾದ ಭಾರತದ ಪಕ್ಷಿಗಳ ಸ್ಥಿತಿಯ ವರದಿಯು ಹೇಳಿದುದು ಬೇರೆ: ದೇಶವನ್ನು ಒಟ್ಟಾಗಿ ನೋಡಿದರೆ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಮೆ ಸ್ಥಿರವಾಗಿಯೇ ಇದೆ, ಕುಗ್ಗಿರುವುದು ಬೆಂಗಳೂರಿನಂತಹ ಮಹಾನಗರಗ­ಳಲ್ಲಿ. ಎಂದರೆ, ಪರಶುರಾಂಪುರದಂತಹ ಊರುಗಳು ಅವನ್ನು ಇನ್ನೂ ಉಳಿಸಿಕೊಂಡಿವೆ. ಆದರೆ ಜಂತೆಯಿಲ್ಲದ, ಸಂದಿಯಿಲ್ಲದ, ಬೆಳಕಿಂಡಿಗೆ ಗಾಜು ಹಾಕಿದ ನುಣುಪಾದ ಮನೆಗಳು ಇಲ್ಲಿಯೂ ಬೀದಿಬೀದಿಗೆ ಏಳುತ್ತಿವೆ. ಆ ಮನೆಗಳಲ್ಲಿ ಗುಬ್ಬಚ್ಚಿ ಎಲ್ಲಿ ಇರಬೇಕು?

ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರ ಕಥೆಯನ್ನು ನಾವು ಅಂದು ರಾತ್ರಿ ಮಕ್ಕಳಿಗೆ ಹೇಳಿದೆವು. ಬಾಲ್ಯದಲ್ಲಿ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದು, ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿರುವುದನ್ನು ಕಂಡು, ಇದು ಯಾವ ಹಕ್ಕಿಯೆಂದು ಕೇಳಿಕೊಂಡು ಹೋದುದರಿಂದ ಅವರು ಪಕ್ಷಿವಿದ್ಯೆಗೆ ತಿರುಗಿದರು. ೧೯೮೫ರಲ್ಲಿ ಹೊರಬಂದ ತಮ್ಮ ಆತ್ಮಕಥೆಗೂ ಆ ಗುಬ್ಬಿ ಬಿದ್ದುದರ ಹೆಸರನ್ನೇ ಇಟ್ಟರು. ಮಕ್ಕಳು ಕಣ್ಣರಳಿಸಿ ಕೇಳಿದರು. ಕತ್ತಲಿನಲ್ಲಿ ಕುಳಿತಿದ್ದ ಅಜ್ಜಿಯವರು, ‘ಅದಾದ ಮ್ಯಾಲೆ ಹೊಡಿಯಾದು ಬಿಟ್ರಾ?’ ಎಂದು ಕೇಳಿದರು. ಬಿಡಲಿಲ್ಲ, ಶಾಸ್ತ್ರದ ಸಲುವಾಗಿ ಹೊಡೆಯುತ್ತಲೇ ಇದ್ದರೆಂದು ನಾವು ನಿಜವನ್ನೇ ಹೇಳಬೇಕಾಯಿತು. ಅವರು ಹೂಂಗುಟ್ಟಿದರು. ಒಪ್ಪಿದರೆಂದು ನಮಗೆ ತೋರಲಿಲ್ಲ.

ಹೊರಡುವ ದಿನ ಬೆಳಗ್ಗೆ ಗಾರೆಯ ಕೆಲಸದವರು ಹಗ್ಗ ಗೂಟಗಳೊಡನೆ ಅಳತೆಗೆ ಬಂದರು. ಅಜ್ಜಿಯವರು ಕೋಲೂರಿಕೊಂಡು ಅವರ ಹಿಂದೆಯೇ ನಡೆದರು. ಜಂತೆಗಳಲ್ಲಿ ಮರಿಗಳಿವೆಯೆಂದೂ, ಅವು ಹಾರುವವರೆಗೆ ಹಾರೆ ಹಾಕಬಾರದೆಂದೂ ಮೇಸ್ತ್ರಿಗೆ ಹೇಳಿದರು. ‘ಎಷ್ಟು ದಿನ ಬೇಕಜ್ಜಿ?’ ಎಂದು ಅವನು ಕೇಳಿದನು. ಹದಿನೈದು ದಿನವೆಂದು ಉತ್ತರ ಬಂದಿತು. ಆದರೆ ಗುಬ್ಬಚ್ಚಿಯು ಒಂದು ಸಂಸಾರ ಮುಗಿಸಿದೊಡನೆ ಮತ್ತೊಂದನ್ನು ಹೂಡುವ ಹಕ್ಕಿ. ಹದಿನೈದು ದಿನಗಳಾದ ಮೇಲೆ ಮತ್ತೆ ಮೊಟ್ಟೆ. ಇದು ಮೇಸ್ತ್ರಿಗೂ ಗೊತ್ತಿತ್ತೆಂದು ಕಾಣುತ್ತದೆ. ‘ನಿಮ್ಮ ಹದಿನೈದು ದಿನ ಮುಗಿಯಾಕೆ ಎರಡು ವರ್ಷ ಬೇಕು’ ಎಂದು ನಕ್ಕನು. ಹೇಗೂ ಎದುರಿಗೆ ಆಷಾಢವಿತ್ತು. ಆಷಾಢದಲ್ಲಿ ಯಾರೂ ಕಟ್ಟಡಕ್ಕೆ ಕೈಹಚ್ಚುವುದಿಲ್ಲ. ಶ್ರಾವಣದವರೆಗೆ ಮಾತನ್ನು ಮುಂದಕ್ಕೆ ಹಾಕಿದರು. ಬಸ್ಸಿನ ಹೊತ್ತಾದುದರಿಂದ ನಾವು ಹೊರಟುಬಂದೆವು.

ಮುಂದಿನದನ್ನು ಸ್ನೇಹಿತರು ಬರೆದು ತಿಳಿಸಿದ್ದಾರೆ. ನಕ್ಷೆಯನ್ನು ಮೊಮ್ಮಗನೇ ತಿದ್ದಿಸಿದನಂತೆ. ಕಾರಿನ ಚಪ್ಪರವು ಬೀದಿಯ ಕಡೆಗೆ ಹೋಗಿ ಬೇವು ಉಳಿಯಿತು. ಕಕ್ಕಸೂ ಬಚ್ಚಲೂ ಮನೆಯೊಳಗೇ ಬರುವುವು; ಸ್ನಾನದ ನೀರಿನ ಕೊಳವೆಯನ್ನು ಮಾತ್ರ ಬೇರೆ ಮಾಡಿ ಬಾಳೆಯ ಕಡೆಗೆ ತಿರುಗಿಸಬೇಕೆಂಬ ಉಪಾಯವು ಸೊಸೆಯದು. ಸೌದೆಯ ಒಟ್ಟನ್ನು ಚೇಳಿನ ಭಯದಿಂದ ತೆಗೆಸಿದ್ದಾರೆ. ಅದಕ್ಕೆ ಅಜ್ಜಿಯವರು ಒಪ್ಪಿದರು. ದಾಳಿಂಬೆಯು ತಳಪಾಯಕ್ಕೆ ಸಿಕ್ಕಿ ಹೋಯಿತು. ಅದಕ್ಕೆ ಒಪ್ಪಿರಲಿಲ್ಲ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮನೆಯ ಮುಂಭಾಗವನ್ನು ಶ್ರಾವಣದಲ್ಲಿ ಕೆಡವಿದರು. ಅಡುಗೆಮನೆಯ ಮಾಳಿಗೆಯನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದಾರೆ. ಅಷ್ಟರೊಳಗೆ ಗುಬ್ಬಚ್ಚಿಗಳು ಒಕ್ಕಲು ಬದಲಿಸಲೆಂದು, ಹುಡುಗಿಯ ಹಟಕ್ಕೆ ಕುಂಬಾರರಿಂದ ಆರು ಸಣ್ಣ ಮಡಕೆಗಳನ್ನು ತರಿಸಿ, ಪಕ್ಕದಲ್ಲಿ ತೂತು ಕೊರೆಯಿಸಿ, ಹೊಸ ಗೋಡೆಯ ಸಜ್ಜದ ಕೆಳಗೆ ಕಟ್ಟಿದ್ದಾರೆ. ಗುಬ್ಬಚ್ಚಿಗಳು ಬಂದು ಇಣುಕಿ ನೋಡಿ ಹೋಗುತ್ತಿವೆ, ಒಳಗೆ ಇನ್ನೂ ಸೇರಿಲ್ಲ. ಒಂದು ಮಡಕೆಯಲ್ಲಿ ಹಲ್ಲಿ ಸೇರಿಕೊಂಡಿದೆ. ಅದರಿಂದ ಬಾಡಿಗೆ ವಸೂಲು ಮಾಡುವುದು ಹೇಗೆಂದು ಪತ್ರಿಕೆಯವರನ್ನು ಕೇಳಿ ತಿಳಿಸಬೇಕೆಂದು ಅಜ್ಜಿಯವರು ಹೇಳಿಕಳುಹಿಸಿದ್ದಾರೆ.